ಗದಗಕ್ಕೆ ಹೋದ ಓಟಿಪಿ

ಜೂನ್ ಎರಡನೇ ವಾರ. ಉಡುಪಿಯಲ್ಲಿ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಹಳೆ ಫೋನಿಗೆ ನೀರು ಹೋಗಿ ಹಾಳಾಗಿತ್ತು, ಹೊಸದು ತಂದಿದ್ದೆ. ರಾತ್ರಿ ಊಟ ಆದ ಮೇಲೆ ಒಂದೊಂದನ್ನೇ ಹೊಸ ಫೋನಿಗೆ ಹಾಕುತ್ತಾ ಕೂತೆ. ವಾಟ್ಸಾಪ್ ಬಂತು. ಬ್ಯಾಂಕಿನ ಆ್ಯಪ್ ಬಂತು. ಕೊನೆಗೆ ಉಳಿದದ್ದು ನನ್ನ ಹಳೆ ಇಮೇಲ್. 2001ರಲ್ಲಿ ಮಾಡಿದ್ದು. ಪಾಸ್‌ವರ್ಡ್ ನೆನಪಿತ್ತು, ಹೊಡೆದೆ. ಅದು ಸರಿ ಅಂತಾದ ಮೇಲೆ ಇನ್ನೊಂದು ಪರದೆ ಬಂತು. ಇದು ಹೊಸ ಫೋನ್, ನೀವೇ ಹೌದಾ ಅಂತ ನೋಡಬೇಕು, 36ರಲ್ಲಿ ಮುಗಿಯುವ ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ ಅಂತ.

36ರಲ್ಲಿ ಮುಗಿಯುವ ನಂಬರ್ ಈಗ ನನ್ನ ಹತ್ತಿರ ಇಲ್ಲ. ಹಿಂದೆ ನನ್ನದೇ ಆಗಿತ್ತು. ಫೋನಿನಲ್ಲಿ ಎರಡು ಸಿಮ್ ಇಟ್ಟುಕೊಂಡಿದ್ದೆ. ಎರಡಕ್ಕೂ ಸುಮ್ನೆ ರೀಚಾರ್ಜ್ ಯಾಕೆ ಅಂತ ಹಳೆಯದನ್ನು ಬಿಟ್ಟೆ. ಮೂರು ವರ್ಷ ಆಗಿರಬೇಕು. ಬಿಟ್ಟ ದಿನ ಎಂತದೂ ಅನಿಸಿರಲಿಲ್ಲ. ಈಗ ಪರದೆಯ ಮೇಲೆ ಆರು ಅಂಕಿಗೆ ಜಾಗ ಬಿಟ್ಟುಕೊಂಡು ಅದು ಕಾಯುತ್ತಿತ್ತು. ಆ ಆರು ಅಂಕಿ ಬೇರೆ ಯಾರದೋ ಕಿಸೆಯಲ್ಲಿ ಹೋಗಿ ಬಿದ್ದಿತ್ತು.

ಬೆಳಿಗ್ಗೆ ಆ ನಂಬರಿಗೆ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ‘ಯಾರ್ರೀ?’ ಅಂದರು. ದನಿಯಲ್ಲೇ ಗೊತ್ತಾಯಿತು, ಘಟ್ಟದ ಮೇಲಿನವರು. ಗದಗ ಕಡೆಯಂತೆ, ಟೆಂಪೋ ಓಡಿಸುತ್ತಾರಂತೆ. ಈ ನಂಬರ್ ಮೊದಲು ನನ್ನ ಹತ್ತಿರ ಇತ್ತು ಅಂತ ಹೇಳಿದೆ.

‘ಹೌದೇನ್ರೀ ಅಕ್ಕಾರ? ನಿಮ್ಮ ಮೆಸೇಜ್ ಭಾಳ ಬರ್ತಾವ್ರೀ. ನಿನ್ನೆ ರಾತ್ರಿನೂ ಒಂದು ಬಂದೈತಿ.’

‘ಅದೇ. ಅದು ನನ್ನ ಇಮೇಲಿನ ಕೋಡು. ಈಗ ಇನ್ನೊಂದು ಕಳಿಸ್ತೇನೆ, ಸ್ವಲ್ಪ ಓದಿ ಹೇಳ್ತೀರಾ?’

ಒಂದು ಕ್ಷಣ ಆ ಕಡೆ ಮಾತಿಲ್ಲ. ಆಮೇಲೆ ಮೆತ್ತಗೆ ಹೇಳಿದರು. ‘ತಪ್ಪು ತಿಳೀಬ್ಯಾಡ್ರೀ ಅಕ್ಕಾರ. ಓಟಿಪಿ ಯಾರಿಗೂ ಹೇಳಬಾರದಂತ ಎಲ್ಲಾ ಕಡೆ ಹೇಳ್ತಾರ. ನೀವು ಯಾರಂತ ನನಗ ಹೆಂಗ ಗೊತ್ತಾಗಬೇಕು?’

ಅವರ ಮಾತು ನೂರಕ್ಕೆ ನೂರು ಸರಿ. ಕೇಳಿದವರಿಗೆಲ್ಲ ಓದಿ ಹೇಳುವವರ ಕೈಗೆ ಆ ನಂಬರ್ ಹೋಗಿದ್ದರೆ ನನಗಿಂತ ಮುಂಚೆ ಇನ್ಯಾರೋ ಕೇಳಿ ತೆಗೆದುಕೊಂಡಿರುತ್ತಿದ್ದರು. ನೀವು ಹೇಳಿದ್ದೇ ಸರಿ ಅಂತ ಹೇಳಿ ಫೋನ್ ಇಡಬೇಕು ಅನ್ನುವಾಗ ಅವರು ಮತ್ತೊಂದು ಮಾತು ಹೇಳಿದರು.

‘ನಿಮ್ಮದೊಂದು ಮನೀದು ಕರೆಂಟ್ ಬಿಲ್ಲಿನ ಮೆಸೇಜೂ ತಿಂಗಳಾ ಬರ್ತೈತ್ರೀ. ಬಿಲ್ ಭಾಳ ಕಮ್ಮಿ ಇರ್ತೈತಿ. ಆ ಮನ್ಯಾಗ ಯಾರೂ ಇರಂಗಿಲ್ಲೇನ್ರೀ?’

ನನಗೆ ಮಾತು ಹೊರಡಲಿಲ್ಲ. ಅದು ಬಾರ್ಕೂರಿನ ಹತ್ತಿರದ ನಮ್ಮ ಮನೆ. ಅಪ್ಪಯ್ಯ ಹೋದ ಮೇಲೆ ಅಮ್ಮ ಕೆಲವು ವರ್ಷ ಒಬ್ಬರೇ ಇದ್ದರು, ಆಮೇಲೆ ನನ್ನ ಜೊತೆ ಉಡುಪಿಗೆ ಬಂದರು. ಮನೆಗೆ ಬೀಗ. ತಿಂಗಳಿಗೊಮ್ಮೆ ಹೋಗಿ ಗುಡಿಸಿ, ದೇವರಿಗೆ ದೀಪ ಇಟ್ಟು ಬರುತ್ತೇವೆ. ಊರಿನವರಿಗೆ ಇದು ಗೊತ್ತು. ಆದರೆ ನಾನು ಮುಖ ನೋಡದ ಒಬ್ಬರಿಗೆ, ಘಟ್ಟದ ಆಚೆ ಕೂತವರಿಗೆ, ಆ ಮನೆ ಖಾಲಿ ಅನ್ನುವುದು ಒಂದು ಸಣ್ಣ ಮೆಸೇಜಿನಿಂದ ಗೊತ್ತಾಗಿತ್ತು. ಅವರು ಕಾಳಜಿಯಿಂದಲೇ ಕೇಳಿದ್ದು. ಆದರೂ ಕೈ ತಣ್ಣಗಾಯಿತು.

ಬಂದಾದ ನಂಬರನ್ನು 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು. ನಮ್ಮ ದೇಶದಲ್ಲಿ ನಿಯಮವೇ ಹಾಗೆ. 2023ರಲ್ಲಿ ಇದು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ನಂಬರ್ ಬಿಡುವ ಮುಂಚೆ ಅದರಲ್ಲಿರುವ ವಾಟ್ಸಾಪ್ ಖಾತೆಯನ್ನು ಅಳಿಸಿಕೊಂಡು ಬಿಡುವುದು ಬಳಸುವವರ ಕೈಯಲ್ಲೇ ಇದೆ ಅಂತ ಅಲ್ಲಿ ಮಾತು ಬಂತು. ಸಿಮ್ ಬಿಡುವುದು ಅಂದರೆ ಬಾಡಿಗೆ ಮನೆ ಬಿಟ್ಟ ಹಾಗೆ. ನಾನು ಮನೆ ಬಿಟ್ಟಿದ್ದೆ. ಆದರೆ ನನಗೆ ಬರುವ ಕಾಗದವೆಲ್ಲ ಆ ವಿಳಾಸಕ್ಕೇ ಹೋಗುತ್ತಿತ್ತು.

ಆ ಇಮೇಲಿನಲ್ಲಿ ಎಂತ ಉಂಟು ಅಂತ ಹೇಳಿದರೆ ನನಗೆ ಯಾಕೆ ಅಷ್ಟು ಗಾಬರಿ ಆಯಿತು ಅನ್ನುವುದು ತಿಳಿದೀತು.

2001ರಲ್ಲಿ ನಾನು ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಅಣ್ಣ ಕುವೈತಿಗೆ ಹೋಗಿ ಎರಡು ವರ್ಷ ಆಗಿತ್ತು. ಐಎಸ್‌ಡಿ ಮಾಡಿದರೆ ಮಾತಿಗಿಂತ ಜಾಸ್ತಿ ಬೂತಿನ ಮೀಟರಿನ ಮೇಲೆಯೇ ಕಣ್ಣು. ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಒಂದು ಸೈಬರ್ ಕೆಫೆ ಇತ್ತು. ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಒಂದು ಪರದೆ ಬಟ್ಟೆ. ಗಂಟೆಗೆ 30 ರೂಪಾಯಿ. ಅಲ್ಲಿದ್ದ ಹುಡುಗ ನನಗೆ ಇಮೇಲ್ ಮಾಡಿಕೊಟ್ಟ. ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ.

ಅಪ್ಪಯ್ಯ ಎರಡು ಶನಿವಾರಕ್ಕೊಮ್ಮೆ ಬಾರ್ಕೂರಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಠಕ್ಕೆ ಹೋಗಿ, ಊಟ ಮುಗಿಸಿ, ನನ್ನನ್ನು ಕರೆದುಕೊಂಡು ಆ ಮಹಡಿ ಹತ್ತುತ್ತಿದ್ದರು. ಕೂರುತ್ತಿರಲಿಲ್ಲ. ನನ್ನ ಕುರ್ಚಿಯ ಬೆನ್ನಿಗೆ ಕೈ ಇಟ್ಟು ನಿಂತು ಹೇಳುತ್ತಿದ್ದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಿದ್ದೆ. ಜೀವನ ಇಡೀ ಇನ್‌ಲ್ಯಾಂಡ್ ಲೆಟರ್ ಬರೆದವರು. ‘ನಾವು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು’ ಅಂತ ಶುರು. ಆಮೇಲೆ ಮನೆಯ ಮಾತು ಬರುತ್ತಿತ್ತು. ‘ಮಳಿ ಜೋರಿತ್ತ್. ನಟ್ಟಿ ಮುಗೀತ್. ನೀನ್ ಬಿಸ್ಲಂಗೆ ತಿರ್ಗ್ಬೇಡ.’ ನಡುನಡುವೆ ಬಗ್ಗಿ ಪರದೆ ನೋಡಿ, ‘ಇನ್ನ್ ಜಾಗ ಇತ್ತಾ?’ ಅಂತ ಕೇಳುತ್ತಿದ್ದರು. ಇನ್‌ಲ್ಯಾಂಡಿನ ಮಡಿಕೆ ಮುಗಿದು ಅಂಚಿನಲ್ಲಿ ಬರೆಯಬೇಕಾಗುತ್ತದೋ ಅನ್ನುವ ಯೋಚನೆ ಅವರಿಗೆ. ಜಾಗ ಉಂಟು ಅಪ್ಪಯ್ಯ ಅಂದರೆ ಇನ್ನೊಂದು ನಾಲ್ಕು ಮಾತು ಹೇಳುತ್ತಿದ್ದರು.

ಆಗ ಕಳಿಸಿದ ಇಮೇಲಿನ ಪ್ರತಿ ತಾನಾಗಿ ಉಳಿಯುತ್ತಿರಲಿಲ್ಲ. ಕಳಿಸುವ ಗುಂಡಿಯ ಹತ್ತಿರ ಒಂದು ಸಣ್ಣ ಚೌಕ ಇತ್ತು, ಅದಕ್ಕೆ ಟಿಕ್ ಹಾಕಿದರೆ ಮಾತ್ರ ಪ್ರತಿ. ಕೆಫೆಯ ಹುಡುಗ ಮೊದಲ ದಿನವೇ ಅದನ್ನು ತೋರಿಸಿದ್ದ. ಪ್ರತಿ ಸಲ ಟಿಕ್ ಹಾಕಿದೆ. ಹಾಟ್‌ಮೇಲ್ 2 ಎಂಬಿ ಜಾಗ ಕೊಡುತ್ತಿದ್ದ ಕಾಲ ಅದು. 1 ಜಿಬಿ ಅನ್ನುವ ಮಾತು ಬಂದದ್ದು 2004ರ ಏಪ್ರಿಲ್ 1ರಂದು, ಜಿಮೇಲ್ ಶುರುವಾದಾಗ. ಅದನ್ನು ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು. ನನ್ನ ಪೆಟ್ಟಿಗೆ ತುಂಬಿದಾಗಲೆಲ್ಲ ಗೆಳತಿಯರ ಫಾರ್ವರ್ಡುಗಳನ್ನು, ಹಬ್ಬದ ಚಿತ್ರಗಳನ್ನು ಅಳಿಸಿ ಅಪ್ಪಯ್ಯನ ಕಾಗದಗಳನ್ನು ಉಳಿಸಿಕೊಂಡೆ. ಅಣ್ಣನ ಆ ಕಾಲದ ಖಾತೆ ಹೋಗಿದೆ. ಅಪ್ಪಯ್ಯ 2009ರಲ್ಲಿ ತೀರಿಕೊಂಡರು. ಅವರ ದನಿ ನಮ್ಮಲ್ಲಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಅವರು ಆಡಿದ ಮಾತು ಆಡಿದ ಹಾಗೇ ಇರುವುದು ಆ ಸೆಂಟ್ ಫೋಲ್ಡರಿನಲ್ಲಿ ಮಾತ್ರ. 61 ಮೇಲ್.

ಖಾತೆಯ ಒಳಗೆ ಹೋಗಲು ದಾರಿ ಸಿಕ್ಕಿದ್ದು ಮಗಳ ಹಳೆ ಲ್ಯಾಪ್‌ಟಾಪಿನಿಂದ. ಅಟ್ಟದಿಂದ ಇಳಿಸಿ ಚಾರ್ಜಿಗೆ ಹಾಕಿದೆ. ಬ್ರೌಸರಿನಲ್ಲಿ ಖಾತೆ ಇನ್ನೂ ತೆರೆದೇ ಇತ್ತು. ಈ ಮಾತನ್ನು ಹೇಳಲೇಬೇಕು. ಖಾತೆ ಕೈ ತಪ್ಪಿತು ಅನಿಸಿದರೆ ಗಾಬರಿಯಲ್ಲಿ ಹತ್ತು ಕಡೆಯಿಂದ ಹತ್ತು ಸಲ ಪ್ರಯತ್ನ ಮಾಡಬೇಡಿ. ಹಿಂದೆ ಬಳಸುತ್ತಿದ್ದ ಅದೇ ಮಷೀನಿನಿಂದ, ಅದೇ ಮನೆಯ ಇಂಟರ್‌ನೆಟ್ಟಿನಿಂದ ಪ್ರಯತ್ನ ಮಾಡಿ. ಪರಿಚಯದ ಮಷೀನು, ಪರಿಚಯದ ಜಾಗ ಆದರೆ ನಂಬಿಕೆ ಜಾಸ್ತಿ. ಗೂಗಲ್ ಇದನ್ನೇ ಹೇಳುತ್ತದೆ. ಹಳೆ ಮಷೀನನ್ನು ಗುಜರಿಗೆ ಹಾಕುವ ಮುಂಚೆ ಇದು ನೆನಪಿರಲಿ. ಹಾಕುವುದೇ ಆದರೆ ಖಾತೆಯಿಂದ ಹೊರಬಂದು, ಎಲ್ಲ ಅಳಿಸಿ ಹಾಕಿ.

ಒಳಗೆ ಹೋದ ಮೇಲೆ ಅಪ್ಪಯ್ಯನ ರಾತ್ರಿಯ ಸುತ್ತು ನೆನಪಾಯಿತು. ಊಟ ಆದ ಮೇಲೆ ಅವರು ಟಾರ್ಚ್ ಹಿಡಿದು ಮನೆ ಸುತ್ತುತ್ತಿದ್ದರು. ಎದುರು ಬಾಗಿಲಿಗೆ ಮಾರುದ್ದದ ಅಗುಳಿ. ಅದನ್ನು ಹಾಕಿದ ಮೇಲೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವರು ಹೊತ್ತು ಕಳೆಯುತ್ತಿದ್ದದ್ದು ಹಿಂದುಗಡೆ. ಅಡುಗೆ ಕೋಣೆಯ ಹಿಂಬಾಗಿಲು, ಬಚ್ಚಲಿನ ಬಾಗಿಲು, ಸೌದೆ ಇಡುವ ಕೊಟ್ಟಿಗೆಯಿಂದ ಒಳಗೆ ಬರುವ ಸಣ್ಣ ಬಾಗಿಲು. ಒಂದೊಂದನ್ನೂ ಕೈಯಲ್ಲಿ ತಳ್ಳಿ ನೋಡುತ್ತಿದ್ದರು.

ಇಮೇಲಿನ ಎದುರು ಬಾಗಿಲು ಪಾಸ್‌ವರ್ಡ್. ಹಿಂಬಾಗಿಲು ಅಂದರೆ ‘ಪಾಸ್‌ವರ್ಡ್ ಮರೆತಿರಾ?’ ಅನ್ನುವ ಸಾಲು. ಅದನ್ನು ಒತ್ತಿದರೆ ಎಲ್ಲೆಲ್ಲಿಂದ ಒಳಗೆ ಬರಬಹುದೋ ಅವೆಲ್ಲ ಬಾಗಿಲೇ. ನನ್ನ ಖಾತೆಗೆ ಅಂಥವು ಮೂರಿದ್ದವು.

ಒಂದು, ಗದಗಕ್ಕೆ ಹೋದ ನಂಬರ್. ಅದು ಗೊತ್ತಾಯಿತಲ್ಲ.

ಎರಡನೆಯದು ಅಣ್ಣನ ಆಫೀಸಿನ ಇಮೇಲ್. ನನ್ನ ಪಾಸ್‌ವರ್ಡ್ ಮರೆತರೆ ಅಲ್ಲಿಗೆ ಲಿಂಕ್ ಹೋಗುತ್ತದೆ. ಯಾವತ್ತೋ ಅವನೇ ಹಾಕಿಸಿದ್ದು. ಅವನು ಆ ಕಂಪನಿ ಬಿಟ್ಟದ್ದು 2011ರಲ್ಲಿ. ಬಿಟ್ಟವರ ಇಮೇಲ್ ಇನ್ನೊಬ್ಬರ ಕೈಗೆ ಹೋಗಬಹುದು. ಕಂಪನಿಯೇ ಮುಚ್ಚಿ, ಅದರ ಡೊಮೇನ್ ಹೆಸರಿಗೆ, ಅಂದರೆ ಇಮೇಲಿನಲ್ಲಿ @ ಆದ ಮೇಲೆ ಬರುವ ಹೆಸರಿಗೆ, ವರ್ಷ ವರ್ಷ ಹಣ ಕಟ್ಟುವವರಿಲ್ಲದೆ ಹೋದರೆ ಯಾರು ಬೇಕಾದರೂ ಆ ಹೆಸರನ್ನು ಕೊಳ್ಳಬಹುದು. ಕೊಂಡವರಿಗೆ ಆ ವಿಳಾಸದ ಇಮೇಲೆಲ್ಲ ಬರುತ್ತದೆ. ಯಾಹೂ 2013ರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಐಡಿಗಳನ್ನು ಬೇರೆಯವರಿಗೆ ಕೊಡಲು ಶುರು ಮಾಡಿತ್ತು. ಹಾಗೆ ಪಡೆದುಕೊಂಡ ಕೆಲವರಿಗೆ ಹಳೆ ಯಜಮಾನರ ಮೇಲ್ ಬರುತ್ತಿತ್ತು. ಫೋನ್ ನಂಬರಿನ ಕಥೆಯೇ ಇಲ್ಲೂ.

ಮೂರನೆಯದನ್ನು ನೋಡಿ ನನಗೆ ಹೆಚ್ಚು ಬೇಜಾರಾಯಿತು. ಗುಟ್ಟಿನ ಪ್ರಶ್ನೆ. ‘ನಿಮ್ಮ ತಾಯಿಯ ತವರಿನ ಹೆಸರೇನು?’

ನಮ್ಮ ಕರಾವಳಿಯಲ್ಲಿ ಇದು ಗುಟ್ಟಾ? ಹುಡುಗಿ ನೋಡಲು ಬಂದವರು ಕೂತ ಕೂಡಲೇ ಕೇಳುವುದೇ ಅದನ್ನು. ಅಮ್ಮನ ಮನೆ ಎಲ್ಲಿ, ಯಾವ ಕುಟುಂಬ, ಸೋದರಮಾವ ಯಾರು. ಮದುವೆ ಕಾಗದದಲ್ಲಿ ಅಚ್ಚು ಹಾಕಿಸುತ್ತೇವೆ. ಜಾತಕದ ಪ್ರತಿಯಲ್ಲಿ ಹುಟ್ಟಿದ ದಿನ ಮಾತ್ರ ಅಲ್ಲ, ಗಂಟೆ ನಿಮಿಷವೂ ಊರೆಲ್ಲ ತಿರುಗುತ್ತದೆ. ಕಲಿತ ಶಾಲೆ ಯಾವುದು ಅಂದರೆ ಊರಿಗೆ ಇರುವುದೇ ಒಂದು ಶಾಲೆ. ಈ ಪ್ರಶ್ನೆಗಳನ್ನು ಮಾಡಿದವರು ನಮ್ಮಂಥ ಊರು ನೋಡಿದವರಲ್ಲ. ಆದರೆ ಅವರ ಊರಿನಲ್ಲೂ ಅದು ನಡೆಯಲಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಗೆ ಒಬ್ಬ ಹೀಗೇ ನುಗ್ಗಿದ. ಅವರು ಹುಟ್ಟಿದ ದಿನ, ಊರಿನ ಪಿನ್‌ಕೋಡ್, ಗಂಡನನ್ನು ಮೊದಲು ಕಂಡದ್ದು ಎಲ್ಲಿ. ಇಷ್ಟನ್ನೂ ಇಂಟರ್‌ನೆಟ್ಟಿನಲ್ಲೇ ಹುಡುಕಿಕೊಂಡ. ಪಾಸ್‌ವರ್ಡ್ ಒಡೆಯುವ ಕೆಲಸವೇ ಇರಲಿಲ್ಲ.

ಈಗ ಹೆಚ್ಚಿನ ಕಡೆ ಈ ಪ್ರಶ್ನೆಗಳನ್ನು ತೆಗೆದಿದ್ದಾರೆ. ಹಳೆ ಖಾತೆಗಳಲ್ಲಿ, ಕೆಲವು ಸರ್ಕಾರಿ ಮತ್ತು ಬ್ಯಾಂಕಿನ ಪುಟಗಳಲ್ಲಿ ಇನ್ನೂ ಸಿಗುತ್ತವೆ. ತೆಗೆಯಲು ಆಗುವುದಾದರೆ ತೆಗೆಯಿರಿ. ಆಗದಿದ್ದರೆ ನಿಜ ಉತ್ತರ ಕೊಡಬೇಕು ಅಂತ ಎಂತದೂ ಇಲ್ಲ. ತವರಿನ ಹೆಸರು ಕೇಳಿದರೆ ಸಂಬಂಧವೇ ಇಲ್ಲದ ಮೂರು ಶಬ್ದ ಹಾಕಿ, ಅದನ್ನು ಬರೆದಿಟ್ಟುಕೊಳ್ಳಿ.

ಆ ದಿನ ಮಧ್ಯಾಹ್ನದಿಂದ ಸಂಜೆವರೆಗೆ ಅದೇ ಕೆಲಸ. ಮೊದಲು ಹಳೆ ನಂಬರ್ ತೆಗೆದು ಈಗಿನದು ಹಾಕಿದೆ. ಆಮೇಲೆ ಅಣ್ಣನ ಆಫೀಸಿನ ವಿಳಾಸ ತೆಗೆದೆ. ನನ್ನ ಖಾತೆ ಆಗಿಂದಾಗಲೇ ಒಪ್ಪಿಕೊಂಡಿತು. ಎಲ್ಲಾ ಕಡೆ ಹಾಗಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಹಳೆ ದಾರಿ ಯಾವುದೂ ಕೈಯಲ್ಲಿ ಇಲ್ಲದೆ ಎಲ್ಲವನ್ನೂ ಹೊಸದಾಗಿ ಬದಲಿಸಿದರೆ 30 ದಿನ ಕಾಯಬೇಕು. ಕಾಯುವಾಗ ಸಿಟ್ಟು ಬರುತ್ತದೆ. ಆದರೆ ಬದಲಿಸಿದವನು ಕಳ್ಳ ಆಗಿದ್ದರೆ? ಆ 30 ದಿನದಲ್ಲಿ ನಿಜವಾದ ಯಜಮಾನ ಬಂದು ತಡೆಯಬಹುದು. ಅದಕ್ಕೇ ಆ ಕಾಯುವಿಕೆ.

ಇನ್ನು ಎದುರು ಬಾಗಿಲು. ನನ್ನ ಪಾಸ್‌ವರ್ಡ್ ನಮ್ಮ ಮನೆಯ ಹೆಸರು, ಮುಂದೆ ಮೂರು ಅಂಕಿ. ಅದೇ ಪಾಸ್‌ವರ್ಡನ್ನು ಬಟ್ಟೆ ತರಿಸುವ ಕಡೆ, ಬಸ್ ಟಿಕೆಟ್ ಮಾಡುವ ಕಡೆ, ಮದುವೆ ಸಂಬಂಧ ಹುಡುಕುವ ಕಡೆ, ಎಲ್ಲ ಕಡೆ ಕೊಟ್ಟಿದ್ದೆ. ನನ್ನ ಮೇಲೆಯೇ ಕಣ್ಣಿಟ್ಟು ಯಾರೂ ಕೂತಿರುವುದಿಲ್ಲ. ಎಲ್ಲೋ ಒಂದು ಅಂಗಡಿಯ ಪಟ್ಟಿ ಕಳುವಾಗುತ್ತದೆ. ಆ ಪಟ್ಟಿಯ ಇಮೇಲು, ಪಾಸ್‌ವರ್ಡು ಜೋಡಿಗಳನ್ನು ಹಿಡಿದು ಒಂದು ಮಷೀನು ಸಾವಿರಾರು ಕಡೆ ಹಾಕಿ ನೋಡುತ್ತದೆ. ಎಲ್ಲಿ ತೆರೆಯಿತೋ ಅಲ್ಲಿ ನುಗ್ಗುತ್ತದೆ. ಪಟ್ಟಿ ಕಳುವಾಗುವುದು ಸಣ್ಣ ಅಂಗಡಿಯಲ್ಲಿ ಮಾತ್ರ ಅಂತ ತಿಳಿಯಬೇಡಿ. 2013ರಲ್ಲಿ ಯಾಹೂವಿನದೇ ಹೋಗಿತ್ತು. ಅದು ಹೊರಗೆ ಬಂದದ್ದು 2016ರಲ್ಲಿ. ಆಗ 100 ಕೋಟಿ ಖಾತೆ ಅಂದರು. 2017ರಲ್ಲಿ, ಅಲ್ಲ, ಇದ್ದ ಎಲ್ಲವೂ, 300 ಕೋಟಿ ಖಾತೆ ಅಂದರು. ಹೆಸರು, ಫೋನ್ ನಂಬರ್, ಹುಟ್ಟಿದ ದಿನದ ಜೊತೆಗೆ ಕೆಲವರ ಗುಟ್ಟಿನ ಪ್ರಶ್ನೆಯ ಉತ್ತರವೂ ಅದರಲ್ಲಿತ್ತು. ಪಾಸ್‌ವರ್ಡನ್ನು ಬದಲಿಸಬಹುದು. ತವರು ಮನೆಯನ್ನು ಹೇಗೆ ಬದಲಿಸುವುದು?

ಟ್ರಾಯ್ ಹಂಟ್ ಅನ್ನುವ ಆಸ್ಟ್ರೇಲಿಯಾದವರು 2013ರಿಂದ ‘ಹ್ಯಾವ್ ಐ ಬೀನ್ ಪೌನ್ಡ್’ ಅನ್ನುವ ಒಂದು ಪುಟ ನಡೆಸುತ್ತಿದ್ದಾರೆ. ಹೊರಗೆ ಬಿದ್ದ ಅಂಥ ಪಟ್ಟಿಗಳಲ್ಲಿ ನಮ್ಮ ಇಮೇಲ್ ಉಂಟಾ ಅಂತ ಅಲ್ಲಿ ಹಾಕಿ ನೋಡಬಹುದು. ಇಮೇಲ್ ಮಾತ್ರ ಸಾಕು. ನನ್ನದು ನಾಲ್ಕು ಪಟ್ಟಿಗಳಲ್ಲಿ ಇತ್ತು.

ಹೊಸ ಪಾಸ್‌ವರ್ಡ್ ಐದು ಶಬ್ದದ್ದು. ಒಂದಕ್ಕೊಂದು ಸಂಬಂಧ ಇಲ್ಲದ ಕನ್ನಡದ, ತುಳುವಿನ ಶಬ್ದಗಳು, ಇಂಗ್ಲಿಷ್ ಅಕ್ಷರದಲ್ಲಿ. ಗಾದೆ, ಶ್ಲೋಕ, ಹಾಡಿನ ಸಾಲು ಬೇಡ. ಗೊತ್ತಿರುವ ಸಾಲು ಎಷ್ಟು ಉದ್ದ ಇದ್ದರೂ ಊಹೆ ಮಾಡಬಹುದು. ಕಣ್ಣು ಮುಚ್ಚಿ ಡಿಕ್ಷನರಿಯ ಪುಟ ತೆರೆದು ಬೆರಳಿಟ್ಟು ಆರಿಸಿದೆ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಅಂತ ನಮ್ಮ ಸೊಸೈಟಿಯಲ್ಲಿ ಮೊದಲು ಹೇಳುತ್ತಿದ್ದರು. ಇಂಥದ್ದಕ್ಕೆ ಮಾನದಂಡ ಹಾಕುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ಆ ಪದ್ಧತಿ ಬೇಡ ಅಂದಿತು. ಹಾಗೆ ಬದಲಿಸಲು ಹೇಳಿದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ ಅಷ್ಟೆ. ನಾನೂ ಅದನ್ನೇ ಮಾಡುತ್ತಿದ್ದೆ. ಉದ್ದ ಇರಲಿ, ಬೇರೆಲ್ಲೂ ಬಳಸದ್ದಿರಲಿ, ಸೋರಿದೆ ಅಂತ ಗೊತ್ತಾದ ದಿನ ಬದಲಿಸಿ.

ಪಾಸ್‌ವರ್ಡ್ ಆದ ಮೇಲೆ ಕೇಳುವ ಕೋಡನ್ನು ಎಸ್‌ಎಂಎಸ್ಸಿನಿಂದ ತಪ್ಪಿಸಿ ಆಥೆಂಟಿಕೇಟರ್ ಆ್ಯಪಿಗೆ ಹಾಕಿದೆ. ಅದು 30 ಸೆಕೆಂಡಿಗೊಮ್ಮೆ ಹೊಸ ಕೋಡ್ ತೋರಿಸುತ್ತದೆ. ಖಾತೆಗೂ ಆ್ಯಪಿಗೂ ಮೊದಲ ದಿನ ಒಂದೇ ಗುಟ್ಟಿನ ಸಂಖ್ಯೆ ಹಂಚಿಕೆಯಾಗಿರುತ್ತದೆ. ಆಮೇಲೆ ಇಬ್ಬರೂ ಅದನ್ನೂ ಗಡಿಯಾರವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಉತ್ತರ ಒಂದೇ ಬರುತ್ತದೆ. ಸಿಮ್ ಬೇಡ, ನೆಟ್‌ವರ್ಕೂ ಬೇಡ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ ಟವರ್ ಸತ್ತಿರುವ ನಮ್ಮ ಊರಿಗೆ ಇದು ಒಳ್ಳೆಯದು. ಈಗ ಪಾಸ್‌ವರ್ಡಿನ ಬದಲಿಗೆ ಪಾಸ್‌ಕೀ ಅಂತ ಬಂದಿದೆ, ಫೋನಿಗೆ ಬೆರಳು ಇಟ್ಟರೆ ಸಾಕು. ಸುಳ್ಳು ಪುಟಕ್ಕೆ ಅದು ಬಾಗಿಲು ತೆರೆಯುವುದಿಲ್ಲ, ಯಾಕೆಂದರೆ ಅದು ನಿಜವಾದ ವಿಳಾಸಕ್ಕೆ ಕಟ್ಟಿಕೊಂಡಿರುತ್ತದೆ. ಅಮ್ಮನ ಖಾತೆಗೆ ಅದನ್ನೇ ಹಾಕಿಕೊಟ್ಟೆ.

ಫೋನೇ ಹೋದರೆ ಎಂತ ಮಾಡುವುದು? ಅದಕ್ಕೆ ಬ್ಯಾಕಪ್ ಕೋಡ್ ಉಂಟು. ಗೂಗಲ್ ಆದರೆ ಒಂದು ಸಲಕ್ಕೆ 10 ಕೊಡುತ್ತದೆ. ಒಂದೊಂದೂ 8 ಅಂಕಿ, ಒಂದೊಂದು ಒಂದೇ ಸಲಕ್ಕೆ. ಇವನ್ನು ಫೋನಿನಲ್ಲಿ ಫೋಟೋ ತೆಗೆದು ಇಡಬೇಡಿ. ಫೋನ್ ಹೋದಾಗಲೇ ಬೇಕಾಗುವ ವಸ್ತು ಅದು. ಕಾಗದದ ಮೇಲೆ ಬರೆದೆ. ಅದೂ ಪೆನ್ಸಿಲಿನಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಶಾಯಿ ಹಬ್ಬುತ್ತದೆ, ಇಂಕ್‌ಜೆಟ್ ಪ್ರಿಂಟರಿನ ಅಕ್ಷರವೂ ಹಬ್ಬುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆರ್‌ಟಿಸಿ, ಚಿನ್ನದ ಸಾಲದ ರಶೀದಿಗಳಿರುವ ಕಪಾಟಿನಲ್ಲಿ ಇಟ್ಟೆ. ಎಲ್ಲಿ ಇಟ್ಟಿದ್ದೇನೆ ಅಂತ ಮಗಳಿಗೆ ಗೊತ್ತು.

ಇದೆಲ್ಲ ಹೊಸ ಬೀಗದ ಕೆಲಸ. ಮೊದಲೇ ಯಾರಾದರೂ ಒಳಗೆ ಬಂದು ಕೂತಿದ್ದರೆ? ಬೀಗ ಬದಲಿಸಿದರೂ ಅವರು ಒಳಗೇ ಇರುತ್ತಾರೆ. ಸೆಟ್ಟಿಂಗ್ಸಿನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಅನ್ನುವ ಜಾಗ ಇರುತ್ತದೆ, ಅಲ್ಲಿ ನೋಡಿ. ಒಳಗೆ ಬಂದವರು ನಮಗೆ ಬರುವ ಇಮೇಲಿನ ಒಂದು ಪ್ರತಿ ತಮಗೆ ಹೋಗುವ ಹಾಗೆ ಅಲ್ಲಿ ಬರೆದಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ಸಾಲು ಹಾಗೇ ಉಳಿಯುತ್ತದೆ. ನನ್ನದರಲ್ಲಿ ಅಂಥದ್ದು ಇರಲಿಲ್ಲ. ಯಾವ ಯಾವ ಮಷೀನಿನಲ್ಲಿ ಖಾತೆ ತೆರೆದಿದೆ ಅನ್ನುವ ಪಟ್ಟಿಯಲ್ಲಿ ಮಾತ್ರ ‘ಚೆನ್ನೈ’ ಅಂತ ಕಂಡು ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಅದು ನನ್ನದೇ ಫೋನು. ಮೊಬೈಲ್ ಇಂಟರ್‌ನೆಟ್ ಯಾವ ಊರಿನಿಂದ ಹೊರಗೆ ಹೋಗುತ್ತದೋ ಆ ಊರು ತೋರಿಸುತ್ತದೆ. ಊರಿನ ಹೆಸರು ಬೇರೆ ಕಂಡ ಕೂಡಲೇ ಹೆದರಬೇಡಿ, ಮಷೀನಿನ ಹೆಸರು, ದಿನ, ಹೊತ್ತು ನೋಡಿ.

ಹೆಚ್ಚು ಹೊತ್ತು ಹಿಡಿದದ್ದು ಪೆಟ್ಟಿಗೆಯನ್ನು ಗುಡಿಸುವುದಕ್ಕೆ. ಹುಡುಕುವ ಜಾಗದಲ್ಲಿ ‘ಆಧಾರ್’ ಅಂತ ಹೊಡೆದೆ. 14 ಮೇಲ್ ಬಂತು. ಹೆಚ್ಚಿನವು ನಾನೇ ಝೆರಾಕ್ಸ್ ಅಂಗಡಿಗಳಿಗೆ ಕಳಿಸಿದ್ದು. ನಾವೆಲ್ಲ ಮಾಡುತ್ತೇವೆ ಅಲ್ವಾ? ಅಂಗಡಿಯ ಗೋಡೆ ಮೇಲೆ ಅವರ ಇಮೇಲ್ ಅಂಟಿಸಿರುತ್ತಾರೆ, ಅದಕ್ಕೆ ಕಳಿಸುತ್ತೇವೆ, ಪ್ರಿಂಟ್ ತೆಗೆದುಕೊಂಡು ಎರಡು ರೂಪಾಯಿ ಕೊಟ್ಟು ಬರುತ್ತೇವೆ. ನನ್ನದು, ಅಮ್ಮನದು, ಮಗಳದು, ಪಾನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ. ಇ-ಆಧಾರಿನ ಪಿಡಿಎಫ್‌ಗೆ ಪಾಸ್‌ವರ್ಡ್ ಉಂಟಲ್ಲ ಅಂತ ಸಮಾಧಾನ ಬೇಡ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ಅದೇ ಪಾಸ್‌ವರ್ಡ್. ಪೆಟ್ಟಿಗೆಯ ಒಳಗೆ ಬಂದವರಿಗೆ ಈ ಎರಡೂ ಅಲ್ಲೇ ಸಿಗುತ್ತವೆ. ಎಲ್ಲ ಅಳಿಸಿದೆ, ಕಸದ ಬುಟ್ಟಿಯಿಂದಲೂ ಅಳಿಸಿದೆ. ಈಗ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಪ್ರಿಂಟಿಗೆ ಪೆನ್ ಡ್ರೈವ್ ಹಿಡಿದುಕೊಂಡು ಹೋಗುತ್ತೇನೆ.

ಹಳೆ ಖಾತೆಯಲ್ಲಿ ಎಂತದೂ ಇಲ್ಲ, ಹೋದರೆ ಹೋಗಲಿ ಅನ್ನುವವರಿಗೆ ಒಂದು ವಿಷಯ. ನನಗೆ ಕಲಿಸಿದ ಒಬ್ಬರು ಲೆಕ್ಚರರ್ ಇದ್ದಾರೆ. ಅವರು ವರ್ಷಗಳಿಂದ ಮುಟ್ಟದ ಖಾತೆಗೆ ಯಾರೋ ನುಗ್ಗಿದರು. ಅದರಲ್ಲಿದ್ದ ವಿಳಾಸಗಳಿಗೆಲ್ಲ ಮೇಲ್ ಹೋಯಿತು. ಪರವೂರಿನಲ್ಲಿ ಪರ್ಸ್ ಕಳೆದುಕೊಂಡಿದ್ದೇನೆ, ಸ್ವಲ್ಪ ಹಣ ಕಳಿಸಿ ಅಂತ. ಅವರ ಹಳೆ ವಿದ್ಯಾರ್ಥಿಗಳು ಇಬ್ಬರು ಹಣ ಕಳಿಸಿದರು. ಸಾರ್ ಕೇಳಿದ್ದಾರೆ ಅಂದರೆ ಯಾರಾದರೂ ಹಿಂದೆ ಮುಂದೆ ನೋಡುತ್ತಾರಾ? ಹಣಕ್ಕಿಂತ ಜಾಸ್ತಿ ಅವರಿಗೆ ನೋವಾದದ್ದು ಅದು. ಹೀಗೇನಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ಕ್ರೈಂನ ಸರ್ಕಾರಿ ಪೋರ್ಟಲಿನಲ್ಲೂ ದೂರು ಕೊಡಬಹುದು. ಉಡುಪಿಯಲ್ಲಿ, ಮಂಗಳೂರಿನಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತುಗಳ ಅಪರಾಧಕ್ಕೆ ಅಂತ ಸೆನ್ ಪೊಲೀಸ್ ಠಾಣೆ ಇದೆ.

ಹಾಗಂತ ಮುಟ್ಟದೆ ಬಿಟ್ಟರೂ ಆಗುವುದಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರು ಮಾಡಿದೆ. ಬೀಗ ಹಾಕಿದ ಮನೆಗೆ ಹೋಗಿ ದೀಪ ಇಟ್ಟು ಬರುವ ಹಾಗೆ ಖಾತೆಗೂ ಆಗಾಗ ಹೋಗಿ ಬರಬೇಕು. ತಿಂಗಳ ಮೊದಲ ಭಾನುವಾರ ಅಂತ ಇಟ್ಟುಕೊಂಡಿದ್ದೇನೆ. ನಾವೇ ಇಲ್ಲದೆ ಹೋದರೆ ಯಾರಿಗೆ ಸೇರಬೇಕು ಅನ್ನುವುದಕ್ಕೂ ಗೂಗಲ್‌ನಲ್ಲಿ ದಾರಿ ಇದೆ, ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ. 3 ತಿಂಗಳಿಂದ 18 ತಿಂಗಳ ತನಕ ನಾವು ಹೇಳಿದಷ್ಟು ಕಾಲ ಖಾತೆ ಸುಮ್ಮನಿದ್ದರೆ, ನಾವು ಹೇಳಿದವರಿಗೆ ತಿಳಿಸಿ, ನಾವು ಒಪ್ಪಿದ್ದನ್ನು ಕೊಡುತ್ತದೆ. 10 ಜನರ ಹೆಸರು ಹಾಕಬಹುದು. ನನ್ನ ಜಿಮೇಲಿಗೆ ಮಗಳ ಹೆಸರು, ಅಣ್ಣನ ಹೆಸರು ಹಾಕಿದೆ. ಅಣ್ಣನಿಗೆ ಫೋನ್ ಮಾಡಿ ಇದನ್ನೂ ಹಳೆ ಖಾತೆಯ ಕಥೆಯನ್ನೂ ಹೇಳಿದಾಗ, ‘ಅಪ್ಪಯ್ಯನ್ ಕಾಗ್ದ ಈಗ್ಲೂ ಇತ್ತಾ?’ ಅಂತ ಕೇಳಿದ. ಅವನಿಗೆ ಅದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಹೇಳಿರಲೇ ಇಲ್ಲ.

ಆ 61 ಮೇಲನ್ನೂ ಇಳಿಸಿಕೊಂಡು ಒಂದು ಹಾರ್ಡ್ ಡಿಸ್ಕಿಗೆ ಹಾಕಿದೆ, ಪ್ರಿಂಟ್ ಕೂಡ ತೆಗೆದೆ. ಸಿಡಿಗೆ ಹಾಕಲಿಲ್ಲ. ನಮ್ಮ ಮದುವೆಯ ಫೋಟೋದ ಸಿಡಿಗಳು ಎರಡು ಮಳೆಗಾಲಕ್ಕೇ ಬೂಸು ಹಿಡಿದು ಹೋಗಿವೆ. ಅಣ್ಣನಿಗೆ ಒಂದು ಪ್ರತಿ ಪೋಸ್ಟಿನಲ್ಲಿ ಕಳಿಸಿದೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ಕರೆಂಟಿನ ಸೆಕ್ಷನ್ ಆಫೀಸಿನಲ್ಲಿ ಆರ್.ಆರ್. ನಂಬರ್ ಕೊಟ್ಟು ಫೋನ್ ನಂಬರ್ ಬದಲಿಸಿ ಕೊಡಿ ಅಂದೆ. ಐದು ನಿಮಿಷದ ಕೆಲಸ. ಅಲ್ಲಿಂದ ಮನೆಗೆ ನಡೆದೆ. ಅಂಗಳದಲ್ಲಿ ಪಾಚಿ ಕಟ್ಟಿತ್ತು. ಬೀಗ ತೆಗೆದು, ಗುಡಿಸಿ, ದೀಪ ಇಟ್ಟೆ. ಹೊರಡುವ ಮುಂಚೆ ಅಡುಗೆ ಕೋಣೆಯ ಹಿಂಬಾಗಿಲು, ಬಚ್ಚಲಿನ ಬಾಗಿಲು, ಕೊಟ್ಟಿಗೆಯ ಕಡೆಯ ಸಣ್ಣ ಬಾಗಿಲು, ಮೂರನ್ನೂ ತಳ್ಳಿ ನೋಡಿದೆ. ಕೊಟ್ಟಿಗೆ ಕಡೆಯ ಬಾಗಿಲಿನ ಚಿಲಕ ತುಕ್ಕು ಹಿಡಿದು ಸಡಿಲಾಗಿತ್ತು. ಪಕ್ಕದ ಮನೆಯವರಿಗೆ ಹೇಳಿ ಆಚಾರಿಯನ್ನು ಕರೆಸಿ ಹೊಸದು ಹಾಕಿಸಿದೆ.

ಜುಲೈ ಮೊದಲ ವಾರ ನನ್ನ ಫೋನಿಗೆ ಮೆಸೇಜ್ ಬಂತು. ಊರ ಮನೆಯ ಬಿಲ್ಲು. ಗದಗಕ್ಕೆ ಫೋನ್ ಮಾಡಿ, ಇನ್ನು ನಿಮಗೆ ನಮ್ಮ ಮೆಸೇಜಿನ ತೊಂದರೆ ಇಲ್ಲ ಅಂತ ಹೇಳಿದೆ.

‘ತೊಂದ್ರೆ ಏನಿಲ್ರೀ ಅಕ್ಕಾರ,’ ಅಂದರು. ‘ಇನ್ನ ಮ್ಯಾಲ ನಿಮ್ಮ ಮನೀ ಸುದ್ದಿ ನನಗ ಗೊತ್ತಾಗಂಗಿಲ್ಲ ನೋಡ್ರೀ.’